ಹಡಗಿನ ಕ್ಯಾಸಿನೊ, ‘ಫ್ರೀ’ ಕ್ರೂಸ್: ಟಿಕೆಟ್ ಕೊಳ್ಳುವ ಮುಂಚೆ ಹಾಕಬೇಕಾದ ಲೆಕ್ಕ

ಶ್ರೀನಿವಾಸಪುರದ ಮಂಡಿಗಳಿಗೆ ತೋತಾಪುರಿ ಮಾವು ಬಂದು ಬೀಳುವ ಹೊತ್ತಿಗೆ ಮುಂಬಯಿ ಕಡೆ ಮುಂಗಾರು ಹಿಡಿದಿರುತ್ತದೆ. ಅರಬ್ಬಿ ಸಮುದ್ರ ಒರಟಾಗುವ ಆ ತಿಂಗಳುಗಳಲ್ಲಿ ಕಾರ್ಡೀಲಿಯಾ ಕಂಪನಿ ತನ್ನ ‘ಎಂಪ್ರೆಸ್’ ಹಡಗನ್ನು ಚೆನ್ನೈಗೆ ತರುವುದುಂಟು. 2022ರ ಜೂನ್‌ನಲ್ಲಿ ಅಲ್ಲಿಂದ ಯಾನ ಶುರುವಾಯಿತು, 2023ರಲ್ಲಿ ಶ್ರೀಲಂಕಾದ ಹಂಬನ್‌ತೋಟದವರೆಗೆ ಹೋಯಿತು, 2025ರಲ್ಲಿ ವಿಶಾಖಪಟ್ಟಣ, ಪುದುಚೇರಿ ಸುತ್ತಿತು. ಮಾವಿನ ದುಡ್ಡು ಕೈಗೆ ಬರುವ ಕಾಲಕ್ಕೇ ಹಡಗೂ ಹತ್ತಿರ ಬಂದ ಹಾಗಾಯಿತು. ಮುಳಬಾಗಿಲಿನವರು ನಂಗಲಿ ದಾಟಿ ಪಲಮನೇರು, ಚಿತ್ತೂರಿನ ಮೇಲೆ ಹೋಗಬಹುದು. ಮಾಲೂರಿನವರಿಗೆ ಬಂಗಾರಪೇಟೆಯ ರೈಲಿದೆ. ಯಾವ ದಾರಿ ಹಿಡಿದರೂ ಚೆನ್ನೈ ಬಂದರು ನಮ್ಮ ಕೋಲಾರ ಜಿಲ್ಲೆಗೆ ಗೋವಾಕ್ಕಿಂತ ಎಷ್ಟೋ ಸಮೀಪ.

ಆ ಹಡಗಿನಲ್ಲಿ ಕ್ಯಾಸಿನೊ ಇದೆ. ಸಿಂಗಪುರದಿಂದ, ಅಮೆರಿಕದಿಂದ ಹೊರಡುವ ದೊಡ್ಡ ಹಡಗುಗಳಲ್ಲಂತೂ ಇದ್ದೇ ಇರುತ್ತದೆ. ಹೋಗಿಬಂದವರು ತರುವ ಸುದ್ದಿ ಒಂದೇ: ಅಲ್ಲಿ ಚೆನ್ನಾಗಿ ಆಡಿದರೆ ಮುಂದಿನ ಕ್ರೂಸ್ ಫ್ರೀ ಅಂತೆ. ಸುದ್ದಿ ಸುಳ್ಳಲ್ಲ. ಹಾಗೆ ಕೊಡುತ್ತಾರೆ, ಎಷ್ಟೋ ಜನ ಪಡೆದಿದ್ದಾರೆ. ಏಕೆ ಕೊಡುತ್ತಾರೆ, ಎಷ್ಟಕ್ಕೆ ಕೊಡುತ್ತಾರೆ ಎಂಬುದು ಗೊತ್ತಿಲ್ಲದೆ ಹೋದವರಿಗೆ ಮಾತ್ರ ಆ ಫ್ರೀ ಟಿಕೆಟ್ಟು ದುಡ್ಡು ಕೊಟ್ಟು ಕೊಳ್ಳುವುದಕ್ಕಿಂತ ದುಬಾರಿಯಾಗುತ್ತದೆ.

ಕಾನೂನಿನ ಮಾತು ಮೊದಲು ಮುಗಿಸೋಣ. ನಮ್ಮ ಕಡೆ ಮಾವಿನ ತೋಪಿನಲ್ಲಿ ಅಂದರ್‌-ಬಾಹರ್ ಆಡುತ್ತಾ ಸಿಕ್ಕಿದರೆ ಕರ್ನಾಟಕ ಪೊಲೀಸ್ ಕಾಯ್ದೆ 1963ರಡಿ ಕೇಸು. ಹಡಗಿನಲ್ಲಿ ಅದೇ ಆಟಕ್ಕೆ ಕೋಟು ಹಾಕಿದ ಡೀಲರ್ ಎಲೆ ಹಂಚುತ್ತಾನೆ. ಕರಾವಳಿಯಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್ ದಾಟಿದ ಮೇಲೆ ದೇಶದ ಗಡಿ ಸಮುದ್ರ ಮುಗಿಯುತ್ತದೆ. ಬಂದರಿನಲ್ಲಿ ಹಡಗು ನಿಂತಿರುವಾಗ ಕ್ಯಾಸಿನೊ ಬಾಗಿಲು ಮುಚ್ಚಿರುವುದಕ್ಕೂ, ಕತ್ತಲಾದ ಮೇಲೆ ದೀಪ ಝಗಝಗಿಸುವುದಕ್ಕೂ ಇದೇ ಕಾರಣ.

ಪಾಯಿಂಟು ಎಲ್ಲಿಂದ ಬರುತ್ತದೆ

ಹಡಗು ಹತ್ತುವಾಗ ಕೊಡುವ ಕಾರ್ಡೇ ಕೋಣೆಯ ಬೀಗದ ಕೈ, ಅದೇ ಊಟದ ಚೀಟಿ, ಅದೇ ಕ್ಯಾಸಿನೊ ಖಾತೆ. ಸ್ಲಾಟ್ ಮಶೀನಿಗೆ ಅದನ್ನು ತೂರಿಸಿ ಆಡಬೇಕು, ಟೇಬಲ್ಲಿನಲ್ಲಾದರೆ ಕೂರುವ ಮುಂಚೆ ಡೀಲರ್ ಕೈಗೆ ಕೊಡಬೇಕು. ಕೊಡದೆ ರಾತ್ರಿಯಿಡೀ ಆಡಿದರೂ ಕಂಪನಿಯ ಪುಸ್ತಕದಲ್ಲಿ ನೀವು ಆಡಿಯೇ ಇಲ್ಲ.

ಗೆದ್ದಿರಾ ಸೋತಿರಾ ಎಂಬುದು ಆ ಪುಸ್ತಕಕ್ಕೆ ಅಷ್ಟು ಮುಖ್ಯವಲ್ಲ. ಸರಾಸರಿ ಎಷ್ಟು ಪಣ ಒಡ್ಡಿದಿರಿ, ಗಂಟೆಗೆ ಎಷ್ಟು ಆಟ ನಡೆಯಿತು, ಎಷ್ಟು ಗಂಟೆ ಕೂತಿರಿ, ಆ ಆಟದಲ್ಲಿ ಮನೆಯ, ಅಂದರೆ ಕ್ಯಾಸಿನೊದ, ಪಾಲು ಶೇಕಡಾ ಎಷ್ಟು: ಈ ನಾಲ್ಕನ್ನು ಗುಣಿಸುತ್ತಾರೆ. ಬಂದ ಮೊತ್ತವೇ ನಿಮ್ಮಿಂದ ಅವರು ನಿರೀಕ್ಷಿಸುವ ಗಳಿಕೆ. ಅದರಲ್ಲಿ ಸಾಮಾನ್ಯವಾಗಿ ಶೇ 20ರಿಂದ 40ರಷ್ಟನ್ನು ಕೋಣೆ, ಪಾನೀಯ, ಮುಂದಿನ ಯಾನದ ರೂಪದಲ್ಲಿ ವಾಪಸ್ ಕೊಡುತ್ತಾರೆ. ಕೋಲಾರದ ಟೊಮೆಟೊ ಮಂಡಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಕ್ಸ್ 200ಕ್ಕೆ ಹೋಗಲಿ, 2,000ಕ್ಕೆ ಹೋಗಲಿ, ಕಮಿಷನ್ನು ತಪ್ಪುವುದಿಲ್ಲ. ಮಂಡಿಯವರು ಕೊಡಿಸಿದ ಟೀ ತಿಂಡಿಯ ದುಡ್ಡೂ ಅದೇ ಕಮಿಷನ್ನಿನಿಂದಲೇ ಬಂದದ್ದು.

ಒಂದು ಲೆಕ್ಕ ನೋಡಿ. ಪ್ರತಿ ಆಟಕ್ಕೆ 2,000 ರೂಪಾಯಿಯಂತೆ ಬಾಕರಾ ಎಂಬ ಇಸ್ಪೀಟ್ ಆಟದಲ್ಲಿ ನಾಲ್ಕು ಗಂಟೆ ಕೂತಿರಿ, ಗಂಟೆಗೆ 60 ಆಟ ಎಂದಿಟ್ಟುಕೊಳ್ಳಿ. ಒಟ್ಟು ಒಡ್ಡಿದ್ದು 4,80,000. ಮನೆಯ ಪಾಲು ಸುಮಾರು ಶೇ 1.2, ಹಾಗಾಗಿ ನಿರೀಕ್ಷಿತ ನಷ್ಟ 5,760 ರೂಪಾಯಿ. ಅದರ ಶೇ 30 ವಾಪಸ್ ಬಂದರೆ ಸುಮಾರು 1,730. ಅದೇ 2,000ವನ್ನು ಎರಡು ಸೊನ್ನೆಯ ರೂಲೆಟ್ ಚಕ್ರದ ಮೇಲೆ ಗಂಟೆಗೆ 40 ಸುತ್ತಿನಂತೆ ನಾಲ್ಕು ಗಂಟೆ ಇಟ್ಟರೆ ಒಟ್ಟು 3,20,000. ಅಲ್ಲಿ ಮನೆಯ ಪಾಲು ಶೇ 5.26, ನಷ್ಟ 16,832, ವಾಪಸ್ ಬರುವುದು ಸುಮಾರು 5,050. ರೂಲೆಟ್ ಆಡಿದವನಿಗೆ ಹಡಗಿನವರು ಹೆಚ್ಚು ಮರ್ಯಾದೆ ಕೊಡುತ್ತಾರೆ. ಅವನು ಕಳೆದುಕೊಂಡದ್ದೂ ಮೂರು ಪಟ್ಟು.

ಬೇರೆ ಆಟಗಳದನ್ನೂ ತಿಳಿದಿರಲಿ. ಒಂದೇ ಸೊನ್ನೆಯ ರೂಲೆಟ್‌ನಲ್ಲಿ ಮನೆಯ ಪಾಲು ಶೇ 2.7. ಒಳ್ಳೆಯ ನಿಯಮಗಳಿದ್ದು, ಯಾವಾಗ ಎಲೆ ಕೇಳಬೇಕು ಯಾವಾಗ ನಿಲ್ಲಬೇಕು ಎಂಬುದು ಬಾಯಿಪಾಠವಾಗಿದ್ದರೆ ಬ್ಲ್ಯಾಕ್‌ಜಾಕ್‌ನಲ್ಲಿ ಅರ್ಧ ಶೇಕಡಾ ಆಸುಪಾಸು. ಬಾಕರಾದಲ್ಲಿ ‘ಟೈ’ ಮೇಲೆ ಕಟ್ಟಿದರೆ ಶೇ 14ಕ್ಕೂ ಮೇಲೆ, ಅದನ್ನು ಮುಟ್ಟಲೇಬಾರದು. ನಮಗೆಲ್ಲ ಗೊತ್ತಿರುವ ಅಂದರ್‌-ಬಾಹರ್‌ನಲ್ಲಿ ಮೊದಲ ಎಲೆ ಬೀಳುವ ಬದಿಗೆ 100ಕ್ಕೆ 90 ಕೊಡುತ್ತಾರೆ, ಇನ್ನೊಂದು ಬದಿಗೆ 100ಕ್ಕೆ 100. ಮೊದಲ ಬದಿ ಗೆಲ್ಲುವ ಸಾಧ್ಯತೆ ಶೇ 51.5. ಹೀಗಾಗಿ ಒಂದು ಬದಿಯಲ್ಲಿ ಶೇ 2.15, ಇನ್ನೊಂದರಲ್ಲಿ ಶೇ 3 ಮನೆಗೆ. ಮೇಲ್ನೋಟಕ್ಕೆ ಇಷ್ಟು ನ್ಯಾಯವಾಗಿ ಕಾಣುವ ಆಟದಲ್ಲೂ ಮನೆ ಸೋಲದ ಹಾಗೆ ದರ ಕಟ್ಟಿದ್ದಾರೆ.

ಸ್ಲಾಟ್ ಮಶೀನುಗಳ ಪಾಲು ಎಷ್ಟೆಂದು ಮಶೀನಿನ ಮೇಲೆ ಬರೆದಿರುವುದಿಲ್ಲ. ಸಮುದ್ರದ ಮೇಲೆ ಪೈಪೋಟಿಗೆ ಪಕ್ಕದ ಕ್ಯಾಸಿನೊ ಇಲ್ಲವಾದ್ದರಿಂದ ಅದು ಕೆಳಗಿರಬೇಕಾದ ಒತ್ತಡವೂ ಇಲ್ಲ. ಆದರೂ ಫ್ರೀ ಕ್ರೂಸ್ ಪಾಯಿಂಟುಗಳು ಬಹುಪಾಲು ಸ್ಲಾಟ್ ಆಡುವವರ ಹೆಸರಿಗೇ ಜಮೆಯಾಗುತ್ತವೆ, ಏಕೆಂದರೆ ಮಶೀನು ಪ್ರತಿ ಒತ್ತನ್ನೂ ಎಣಿಸುತ್ತದೆ.

ಒಂದು ಕಂಪನಿಯ ಉದಾಹರಣೆ

ರಾಯಲ್ ಕೆರಿಬಿಯನ್ ಕಂಪನಿಯ ಕ್ಯಾಸಿನೊ ಸದಸ್ಯತ್ವದ ಹೆಸರು ಕ್ಲಬ್ ರಾಯಲ್. ಅದರಲ್ಲಿ ಸ್ಲಾಟ್‌ನಲ್ಲಿ 5 ಡಾಲರ್ ಓಡಿಸಿದರೆ ಒಂದು ಪಾಯಿಂಟ್, ವಿಡಿಯೊ ಪೋಕರ್‌ನಲ್ಲಿ 10 ಡಾಲರಿಗೆ ಒಂದು. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷದಲ್ಲಿ 2,500 ಪಾಯಿಂಟ್ ಆದರೆ ‘ಪ್ರೈಮ್’, 25,000ಕ್ಕೆ ‘ಸಿಗ್ನೇಚರ್’, 1,00,000ಕ್ಕೆ ‘ಮಾಸ್ಟರ್ಸ್’. ಪ್ರೈಮ್ ಆದವರಿಗೆ ವರ್ಷಕ್ಕೊಂದು ಯಾನಕ್ಕೆ ಕಿಟಕಿಯಿಲ್ಲದ ಒಳಕೋಣೆ ಕೊಡುವುದು ಇತ್ತೀಚಿನ ವರ್ಷಗಳ ಪದ್ಧತಿ.

2,500 ಪಾಯಿಂಟಿಗೆ 12,500 ಡಾಲರ್ ಓಡಬೇಕು. ಅಷ್ಟು ದುಡ್ಡು ಜೇಬಿನಲ್ಲಿರಬೇಕು ಎಂದಲ್ಲ, ಗೆದ್ದದ್ದನ್ನು ಮತ್ತೆ ಹಾಕಿದರೂ ಎಣಿಕೆಗೆ ಬರುತ್ತದೆ. ಒತ್ತಿಗೆ 1 ಡಾಲರಿನಂತೆ ಗಂಟೆಗೆ 600 ಸಲ ಒತ್ತಿದರೆ 120 ಪಾಯಿಂಟ್. ಗುರಿ ಮುಟ್ಟಲು ಸುಮಾರು 21 ಗಂಟೆ. ಮಶೀನಿನ ಪಾಲು ಶೇ 8 ಎಂದಿಟ್ಟುಕೊಂಡರೆ ದಾರಿಯಲ್ಲಿ ಕರಗುವುದು 1,000 ಡಾಲರ್, ಡಾಲರಿಗೆ 90 ರೂಪಾಯಿಯಂತೆ 90,000. ಸೀಸನ್ ಇಲ್ಲದಾಗ ಮೂರು-ನಾಲ್ಕು ರಾತ್ರಿಯ ಒಳಕೋಣೆ ಇಬ್ಬರಿಗೂ ಸೇರಿ ಅದಕ್ಕಿಂತ ಕಡಿಮೆಗೆ ಸಿಗುವುದುಂಟು. ಇಷ್ಟೆಲ್ಲ ಕೂತು ಗಳಿಸಿದ್ದು ಅದೇ ಕೋಣೆ.

ಹಾಗಾದರೆ ಲಾಭ ಯಾರಿಗೆ? ಹೇಗೂ ಆಡುವವರಿಗೆ. ರಜೆಯಲ್ಲಿ ಇಷ್ಟು ದುಡ್ಡು ಆಟಕ್ಕೆ ಹೋದರೆ ಹೋಗಲಿ ಎಂದು ಎತ್ತಿಟ್ಟು, ಅಷ್ಟಕ್ಕೇ ನಿಲ್ಲಿಸುವವರಿಗೆ ಮುಂದಿನ ಟಿಕೆಟ್ಟು ಮೇಲಿನ ಕೊಸರು. ಪಾಯಿಂಟಿಗಾಗಿ ಆಡುವವರು ಕೊಸರಿಗಾಗಿ ಸರಕು ಕೊಂಡಂತೆ.

‘ಫ್ರೀ’ ಎಂದು ಬರೆದ ಆಫರಿನಲ್ಲಿ ಸಾಮಾನ್ಯವಾಗಿ ಫ್ರೀ ಆಗಿರುವುದು ಕೋಣೆಯ ಬಾಡಿಗೆ ಮಾತ್ರ. ಬಂದರು ಶುಲ್ಕ, ತೆರಿಗೆ ನಿಮ್ಮದು. ಸಿಬ್ಬಂದಿ ಟಿಪ್ಸ್ ತಲೆಗೆ ದಿನಕ್ಕೆ 16ರಿಂದ 20 ಡಾಲರ್. ಇಬ್ಬರಿಗೆ ಐದು ದಿನಕ್ಕೆ ಲೆಕ್ಕ ಹಾಕಿದರೆ ಅದೇ 14,000 ರೂಪಾಯಿ ದಾಟುತ್ತದೆ. ವಿಮಾನ, ವೀಸಾ ಬೇರೆ. ಆಫರು ನಿಮ್ಮ ಹೆಸರಿಗೇ ಇರುತ್ತದೆ, ಷಡ್ಡಕನಿಗೆ ದಾಟಿಸಲು ಬರುವುದಿಲ್ಲ. ಕೋಣೆಯಲ್ಲಿ ಜೊತೆಗೊಬ್ಬರನ್ನು ಸೇರಿಸಿರುತ್ತಾರೆ. ಮೂರನೆಯವರು, ಮಕ್ಕಳು ಬಂದರೆ ದರ ಕೊಡಬೇಕು. ಕೋಣೆಯ ಖಾತೆಗೆ ಬರೆಸಿ ಕ್ಯಾಸಿನೊದಲ್ಲಿ ದುಡ್ಡು ಎತ್ತಿದರೆ ಹಲವು ಕಂಪನಿಗಳು ಶೇ 3ರಿಂದ 5ರವರೆಗೆ ಶುಲ್ಕ ಮುರಿಯುತ್ತವೆ. ಆಟ ಶುರುವಾಗುವ ಮುಂಚೆಯೇ ಸೋತಂತೆ, ಬೇಡ.

ಎಲ್ಲಕ್ಕಿಂತ ಅಪಾಯದ್ದು ಕೊನೆಯ ರಾತ್ರಿ. ಎಷ್ಟು ಪಾಯಿಂಟಾಗಿದೆ ಎಂದು ಕೌಂಟರಿನಲ್ಲಿ ಕೇಳುತ್ತೀರಿ, ಇನ್ನು 300 ಬಂದರೆ ಮುಂದಿನ ಯಾನಕ್ಕೆ ಸರ್ಟಿಫಿಕೇಟ್ ಎನ್ನುತ್ತಾರೆ. 300 ಪಾಯಿಂಟ್ ಅಂದರೆ ಮತ್ತೆ 1,500 ಡಾಲರ್ ಓಡಿಸುವುದು, ಅದರಲ್ಲಿ 120 ಡಾಲರ್ ಹೋಗುವುದು. ಆ ಸರ್ಟಿಫಿಕೇಟಿನ ಬೆಲೆ 120 ಡಾಲರಿಗಿಂತ ಹೆಚ್ಚಿದ್ದು, ನೀವು ನಿಜವಾಗಿಯೂ ಮತ್ತೆ ಬರುವವರಾದರೆ ಲೆಕ್ಕ ಕೂಡಬಹುದು. ಆದರೆ ಅದು ಸರಾಸರಿಯ ಲೆಕ್ಕ. ಒಂದು ರಾತ್ರಿಯಲ್ಲಿ 120ರ ಬದಲು 700 ಹೋಗುವುದು ಸ್ಲಾಟ್‌ನಲ್ಲಿ ದಿನನಿತ್ಯದ ಮಾತು.

ನಮ್ಮ ಜಿಲ್ಲೆಯವರಿಗೆ ಸಿಗುವ ಹಡಗುಗಳು

ಚೆನ್ನೈನ ಯಾನ ಎಲ್ಲ ವರ್ಷವೂ ಒಂದೇ ತರಹ ಇರುವುದಿಲ್ಲ, ವೇಳಾಪಟ್ಟಿ ನೋಡಿಯೇ ಹೊರಡಬೇಕು. ಅಲ್ಲಿ ಕ್ಯಾಸಿನೊ ಪಾಯಿಂಟು ನಂಬಿ ಹೋಗುವುದಕ್ಕಿಂತ ದರ ಇಳಿಯುವ ವಾರ, ಮಕ್ಕಳಿಗೆ ರಿಯಾಯಿತಿ ಇರುವ ದಿನ ನೋಡಿ ಟಿಕೆಟ್ ಕೊಳ್ಳುವುದೇ ಸರಳ.

ನಿಜವಾದ ಕ್ಯಾಸಿನೊ ಆಫರುಗಳು ಕಾಣುವುದು ಸಿಂಗಪುರದಲ್ಲಿ. ಜೆಂಟಿಂಗ್ ಡ್ರೀಮ್ ಹಡಗು 2022ರ ಜೂನ್‌ನಿಂದ ಅಲ್ಲಿ ನೆಲೆ ನಿಂತಿದೆ, ಭಾರತೀಯರು ಬಹಳ. ರಾಯಲ್ ಕೆರಿಬಿಯನ್ ಹಡಗುಗಳೂ ಬರುತ್ತವೆ. ದೇವನಹಳ್ಳಿಯಿಂದ ನೇರ ವಿಮಾನ ಇರುವುದರಿಂದ ಕೋಲಾರ, ಮಾಲೂರಿನವರಿಗೆ ಬೆಂಗಳೂರಿನ ಟ್ರಾಫಿಕ್ಕಿಗೆ ಸಿಕ್ಕಿಕೊಳ್ಳುವ ಗೋಳೂ ಕಡಿಮೆ. ಒಂದು ಎಚ್ಚರಿಕೆ: ಹಡಗು ಸಿಂಗಪುರದಿಂದ ಹೊರಟು ಮಲೇಷ್ಯಾ, ಥಾಯ್ಲೆಂಡ್ ಮುಟ್ಟಿ ಮತ್ತೆ ಸಿಂಗಪುರಕ್ಕೇ ಬರುತ್ತದೆ. ವೀಸಾ ಒಂದಕ್ಕಿಂತ ಹೆಚ್ಚು ಸಲ ಪ್ರವೇಶಕ್ಕೆ ನಡೆಯುವಂಥದ್ದಾಗಿರಬೇಕು.

ಮೂರನೆಯದು ಮಕ್ಕಳು ಅಮೆರಿಕದಲ್ಲಿರುವ ಮನೆಗಳ ದಾರಿ. ನಮ್ಮ ತಾಲ್ಲೂಕುಗಳಲ್ಲೂ ಅಂಥ ಮನೆಗಳು ಈಗ ಅಪರೂಪವಲ್ಲ. ಅಪ್ಪ ಅಮ್ಮ ಆರು ತಿಂಗಳಿಗೆ ಹೋದಾಗ ಬಹಾಮಾಸ್ ಕಡೆಗೋ ಅಲಾಸ್ಕಾಕ್ಕೋ ಕರೆದೊಯ್ಯುತ್ತಾರೆ. ಅಲ್ಲಿ ಕಾರ್ನಿವಲ್, ನಾರ್ವೇಜಿಯನ್, ಪ್ರಿನ್ಸೆಸ್ ಕಂಪನಿಗಳಿಗೂ ಇಂಥದ್ದೇ ಸದಸ್ಯತ್ವಗಳಿವೆ. ಲಾಸ್ ವೇಗಸ್‌ನ ಎಂಜಿಎಂ ಕ್ಯಾಸಿನೊಗಳಲ್ಲಿ ಮೇಲಿನ ದರ್ಜೆ ಇರುವವರಿಗೆ ರಾಯಲ್ ಕೆರಿಬಿಯನ್‌ನಲ್ಲಿ ಸವಲತ್ತು ಸಿಗುವ ಒಪ್ಪಂದವೂ ಇದೆ. ಊರಿನಿಂದ ಹೋದ ಹಿರಿಯರು ಲಾಸ್ ವೇಗಸ್‌ನಂಥ ಕಡೆ ಸ್ಲಾಟ್‌ನಲ್ಲಿ ದೊಡ್ಡ ಜಾಕ್‌ಪಾಟ್ ಹೊಡೆದರೆ ಅಮೆರಿಕದ ತೆರಿಗೆಗೆಂದು ಶೇ 30ನ್ನು ಅಲ್ಲೇ ಹಿಡಿದುಕೊಳ್ಳುತ್ತಾರೆ ಎಂಬುದನ್ನು ಮಗ ಮೊದಲೇ ಹೇಳಿರಲಿ.

ಗೋವಾ: ಹತ್ತಿರದ ಪರ್ಯಾಯವೇ?

ಪಣಜಿಯ ಮಾಂಡೋವಿ ನದಿಯಲ್ಲಿ ನಿಂತ ಹಡಗುಗಳದು ಕ್ರೂಸ್ ಅಲ್ಲ. ಅವು ಎಲ್ಲಿಗೂ ಹೋಗುವುದಿಲ್ಲ. 1976ರ ಗೋವಾ ಜೂಜು ಕಾಯ್ದೆಗೆ 1990ರ ದಶಕದಲ್ಲಿ ತಿದ್ದುಪಡಿ ತಂದು ಹಡಗಿನ ಮೇಲೆ ಟೇಬಲ್ ಆಟಗಳಿಗೆ ಅವಕಾಶ ಕೊಟ್ಟಿದ್ದಾರೆ. ನಮ್ಮ ಕಡೆಯಿಂದ ಗುಂಪಾಗಿ ಹೋಗುವವರಿಗೆ ಅಲ್ಲೂ ಇದೇ ಮಾತು ಕೇಳಿಸುತ್ತದೆ: ಇಷ್ಟು ಲಕ್ಷದ ಚಿಪ್ ತೊಗೊಂಡರೆ ರೂಮು ಫ್ರೀ, ಊಟ ಫ್ರೀ, ವಿಮಾನದ ಟಿಕೆಟ್ಟೂ ಫ್ರೀ. ಅಂದಹಾಗೆ, ಸ್ವಂತ ರಾಜ್ಯದ ಜನ ಈ ಕ್ಯಾಸಿನೊಗಳ ಒಳಗೆ ಕಾಲಿಡುವುದನ್ನು ಗೋವಾ ಸರ್ಕಾರ 2020ರ ಫೆಬ್ರವರಿಯಿಂದ ನಿಷೇಧಿಸಿದೆ. ಹೊರಗಿನವರ ದುಡ್ಡಿಗೆ ಅಡ್ಡಿಯಿಲ್ಲ.

2023ರ ಅಕ್ಟೋಬರ್ 1ರಿಂದ ಚಿಪ್ ಕೊಳ್ಳುವ ಪೂರ್ತಿ ಮೊತ್ತದ ಮೇಲೆ ಶೇ 28 ಜಿಎಸ್‌ಟಿ ಬಂತು, 2025ರ ಸೆಪ್ಟೆಂಬರ್ 22ರಿಂದ ಅದು ಶೇ 40. ಗೆದ್ದ ಚಿಪ್ಪನ್ನೇ ಮತ್ತೆ ಆಡಿದರೆ ಮತ್ತೆ ತೆರಿಗೆ ಇಲ್ಲ, ಅಷ್ಟೇ ಸಮಾಧಾನ. ಕೊಟ್ಟ 1 ಲಕ್ಷದೊಳಗೇ ತೆರಿಗೆ ಸೇರಿದೆ ಎಂದುಕೊಂಡರೂ ಸುಮಾರು 28,570 ರೂಪಾಯಿ ಸರ್ಕಾರಕ್ಕೆ. ಮೇಲಿಂದ ಹಾಕುತ್ತಾರೋ, ಒಳಗೇ ಮುರಿಯುತ್ತಾರೋ, ಒಂದಷ್ಟು ತಾವೇ ಹೊರುತ್ತಾರೋ ಎಂದು ದುಡ್ಡು ಎಣಿಸುವ ಮುಂಚೆ ಕೇಳಿ. ಜೊತೆಗೆ, ಪ್ಯಾಕೇಜಿನಲ್ಲಿ ಕೊಡುವ ಚಿಪ್ಪು ನಗದಾಗುತ್ತದೆಯೇ ಎಂದೂ ಕೇಳಿ. ಬಹಳಷ್ಟು ಕಡೆ ಅದು ಒಂದು ಸಲ ಆಡಿ ಮುಗಿಸಬೇಕಾದ ಕೂಪನ್ನು. ನನ್ನ ಪ್ರಕಾರ ಇವತ್ತಿನ ದರದಲ್ಲಿ ಗೋವಾದ ಫ್ರೀ ರೂಮಿನಷ್ಟು ದುಬಾರಿ ರೂಮು ದಕ್ಷಿಣ ಭಾರತದಲ್ಲಿ ಇನ್ನೊಂದಿಲ್ಲ.

ಗೆದ್ದರೆ ಆದಾಯ ತೆರಿಗೆ ಶೇ 30, ಸೆಸ್ ಸೇರಿ 31.2. ಸೋತದ್ದನ್ನು ಅದರಲ್ಲಿ ಕಳೆಯಲು ಬಿಡುವುದಿಲ್ಲ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ರಿಟರ್ನ್ ಸಲ್ಲಿಸದೇ ಇರುವ ರೈತರು ನಮ್ಮಲ್ಲಿ ಬಹಳ ಜನ. ಆ ವಿನಾಯಿತಿ ಜೂಜಿನ ಗೆಲುವಿಗೆ ಅನ್ವಯಿಸದು. ವಿದೇಶಿ ಹಡಗಿನಲ್ಲಿ ಗೆದ್ದದ್ದಕ್ಕೂ ಇದೇ ನಿಯಮ, ಏಕೆಂದರೆ ಇಲ್ಲಿ ವಾಸವಿರುವವರ ಜಗತ್ತಿನ ಎಲ್ಲ ಆದಾಯವೂ ಇಲ್ಲಿನ ತೆರಿಗೆಗೆ ಬರುತ್ತದೆ.

‘ಪ್ಯಾಕೇಜ್’ ಏಜೆಂಟರು

ಕೊಲಂಬೊ, ಕಠ್ಮಂಡು ಕ್ಯಾಸಿನೊಗಳಿಗೆ ಕರೆದೊಯ್ಯುವ ಏಜೆಂಟರ ಜಾಲ ಆಂಧ್ರ, ತೆಲಂಗಾಣದಲ್ಲಿ ದೊಡ್ಡದು. ಕನ್ನಡ, ತೆಲುಗು ಎರಡೂ ಆಡುವ ನಮ್ಮ ಗಡಿ ತಾಲ್ಲೂಕುಗಳಿಗೆ ಅದು ತಲುಪುವುದು ಕಷ್ಟವಲ್ಲ. ವಿಮಾನ, ಹೋಟೆಲು, ಊಟ ಎಲ್ಲ ಫ್ರೀ. ಆಟಕ್ಕೆ ಇಷ್ಟು ಲಕ್ಷ ಇಲ್ಲೇ ಕಟ್ಟಿ, ಚಿಪ್ಪು ಅಲ್ಲಿ ತೊಗೊಳ್ಳಿ ಎನ್ನುತ್ತಾರೆ. ಅಲ್ಲೇ ಎದ್ದು ಬನ್ನಿ. ಇಲ್ಲಿ ರೂಪಾಯಿ ಕೊಟ್ಟು ಅಲ್ಲಿ ಚಿಪ್ ಪಡೆಯುವುದು ವಿದೇಶಿ ವಿನಿಮಯ ಕಾಯ್ದೆಯ ಉಲ್ಲಂಘನೆ. 2022ರ ಜುಲೈಯಲ್ಲಿ ಹೈದರಾಬಾದಿನಲ್ಲಿ ಜಾರಿ ನಿರ್ದೇಶನಾಲಯ ದಾಳಿ ಮಾಡಿದ್ದು ಇಂಥ ಕ್ಯಾಸಿನೊ ಪ್ರವಾಸಗಳ ಆರೋಪದ ಮೇಲೆಯೇ. 2023ರ ಮೇ ತಿಂಗಳಲ್ಲಿ ಥಾಯ್ಲೆಂಡಿನ ಪಟ್ಟಾಯದ ಹೋಟೆಲೊಂದರಲ್ಲಿ ಜೂಜಾಡುತ್ತಿದ್ದಾರೆಂದು ಪೊಲೀಸರು ಹಿಡಿದವರಲ್ಲಿ 80ಕ್ಕೂ ಹೆಚ್ಚು ಭಾರತೀಯರಿದ್ದರು. ಅಲ್ಲಿ ಜೂಜು ಅಪರಾಧ ಎಂಬುದು ಪ್ಯಾಕೇಜ್ ಕೊಂಡವರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ.

ಕಾನೂನುಬದ್ಧವಾಗಿ ವಿದೇಶಕ್ಕೆ ಹೋಗುವವರು ಕೈಯಲ್ಲಿ ಒಯ್ಯಬಹುದಾದ ವಿದೇಶಿ ನೋಟು ಒಂದು ಪ್ರವಾಸಕ್ಕೆ 3,000 ಡಾಲರ್, ಭಾರತೀಯ ನೋಟು 25,000 ರೂಪಾಯಿ. ಇದನ್ನೇ ನಿಮ್ಮ ಮಿತಿ ಮಾಡಿಕೊಂಡರೂ ಒಳ್ಳೆಯದೇ.

ಇನ್ನು, ಮೊಬೈಲಿನಲ್ಲೇ ಆಡಿ ಕ್ರೂಸ್ ಗೆಲ್ಲಿ ಎನ್ನುವ ಆಪ್‌ಗಳು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ 2025ರ ಆಗಸ್ಟ್‌ನಲ್ಲಿ ಕಾಯ್ದೆ ತಂದು ನಿಷೇಧಿಸಿದೆ. ನೀವು ಫ್ರೀ ಕ್ರೂಸ್ ಗೆದ್ದಿದ್ದೀರಿ, ತೆರಿಗೆ ಮಾತ್ರ ಕಟ್ಟಿ ಎಂದು ಫೋನು ಬಂದರೆ ಅದು ಮೋಸ. ದುಡ್ಡು ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ.

ಹೋಗಲೇಬೇಕೆಂದರೆ

ದುಡ್ಡು ಯಾವುದು ಎಂಬುದು ಮೊದಲ ಪ್ರಶ್ನೆ. 2023ರ ಜುಲೈಯಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸು 2,000 ದಾಟಿದ್ದನ್ನು ನೋಡಿದ್ದೇವೆ. 2025ರ ಜೂನ್‌ನಲ್ಲಿ ತೋತಾಪುರಿ ಬೆಲೆ ಬಿದ್ದು ಶ್ರೀನಿವಾಸಪುರ ಬಂದ್ ಆದದ್ದನ್ನೂ ನೋಡಿದ್ದೇವೆ. ಒಂದು ವರ್ಷದ ಕಂತೆ ಮುಂದಿನ ಎರಡು ವರ್ಷದ ಬಂಡವಾಳ ಆಗಿರುವ ಕಡೆ, ಬೋರ್‌ವೆಲ್ಲಿನ ದುಡ್ಡು, ಚೀಟಿ ಎತ್ತಿದ ದುಡ್ಡು, ಒಡವೆ ಸಾಲದ ದುಡ್ಡು ಹಡಗು ಹತ್ತಬಾರದು. ದುಡಿಮೆಯಲ್ಲಿ ಉಳಿದು, ಮನೆಯವರಿಗೂ ಗೊತ್ತಿದ್ದು, ಪೂರ್ತಿ ಹೋದರೂ ಹಬ್ಬ ನಿಲ್ಲದಷ್ಟು ಮೊತ್ತ ಮಾತ್ರ. ಅದನ್ನು ರಾತ್ರಿಗಳಿಗೆ ಭಾಗ ಮಾಡಿ ಬೇರೆ ಬೇರೆ ಕವರಿನಲ್ಲಿಟ್ಟು, ಉಳಿದ ಕಾರ್ಡುಗಳನ್ನು ಕೋಣೆಯ ಲಾಕರಿನಲ್ಲಿ ಹಾಕಿ, ಸಾಧ್ಯವಾದರೆ ಅದರ ನಂಬರು ಹೆಂಡತಿಗೋ ಗಂಡನಿಗೋ ಮಾತ್ರ ಗೊತ್ತಿರಲಿ. ಆಡುವಾಗ ಕುಡಿಯುವುದು ಬೇಡ. ಅಲ್ಲಿ ಪಾನೀಯ ಫ್ರೀ ಕೊಡುವುದು ಧರ್ಮಕ್ಕಲ್ಲ. ಯಾನ ಮುಗಿಯುವ ಮುಂಚೆ ಕ್ಯಾಸಿನೊ ಕೌಂಟರಿನಲ್ಲಿ ಇಮೇಲ್ ವಿಳಾಸ ಸರಿಯಾಗಿದೆಯೇ ನೋಡಿಕೊಳ್ಳಿ, ಮುಂದಿನ ಆಫರು ಅಲ್ಲಿಗೇ ಬರುವುದು. ಬಂದ ಮೇಲೆ ಅದೇ ತಾರೀಕಿನ ಅದೇ ಕೋಣೆಯ ಮಾಮೂಲಿ ದರ ಎಷ್ಟೆಂದು ಪಕ್ಕದಲ್ಲಿಟ್ಟು ನೋಡಿ. ಎಷ್ಟೋ ಸಲ ರಿಯಾಯಿತಿ ದರಕ್ಕೂ ಎಲ್ಲರಿಗೂ ಸಿಗುವ ದರಕ್ಕೂ ವ್ಯತ್ಯಾಸವೇ ಇರುವುದಿಲ್ಲ.

ಸಮುದ್ರ ನೋಡುವ ಆಸೆ ಮಾತ್ರ ಇರುವವರು ಈ ಯಾವ ತಲೆನೋವೂ ಇಲ್ಲದೆ ಟಿಕೆಟ್ ಕೊಂಡುಬಿಡುವುದೇ ಅಗ್ಗ.

ಸೋತದ್ದನ್ನು ವಾಪಸ್ ತರಬೇಕು ಎಂದು ಮತ್ತೆ ಹೊರಡುವುದು, ಮನೆಯಲ್ಲಿ ಮೊತ್ತ ಮುಚ್ಚಿಡುವುದು, ಆಟಕ್ಕೆಂದು ಸಾಲ ಕೇಳುವುದು ಶುರುವಾಗಿದ್ದರೆ ಅದನ್ನು ಚಟ ಎಂದು ಬೈದು ಕೂರುವುದಕ್ಕಿಂತ ವೈದ್ಯರಿಗೆ ತೋರಿಸುವುದು ಮೇಲು. ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಕೇಂದ್ರ ಇದೆ. ಅಲ್ಲಿಗೆ ಹೋಗುವ ಮುಂಚೆ ಯಾರೊಡನಾದರೂ ಮಾತಾಡಬೇಕು ಅನ್ನಿಸಿದರೆ ಟೆಲಿ-ಮಾನಸ್ ಸಹಾಯವಾಣಿ 14416. ಕರೆ ಉಚಿತ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.